ಶಿಮೊನ್ ಸಕಾಗುಚಿ ಅವರ ಪ್ರಕಟಣೆಗಳು ಮತ್ತು ಉಲ್ಲೇಖಗಳು: ಒಂದು ಪ್ರಕರಣ ಅಧ್ಯಯನ

1995ರಲ್ಲಿ ‘ಜರ್ನಲ್ ಆಫ್ ಇಮ್ಯುನಾಲಜಿ’ಯ 155ನೆಯ ಸಂಪುಟದಲ್ಲಿ ಜಪಾನಿನ ಐವರು ಲೇಖಕರ ಪ್ರಬಂಧವೊಂದು ಪ್ರಕಟವಾಯಿತು. ದೇಹದ ಪ್ರತಿರಕ್ಷೆ ತನ್ನದೇ ಅಂಗಗಳ ಮೇಲೆ ಎರಗದಂತೆ ತಡೆಯುವ, ಇಂದು ‘ನಿಯಂತ್ರಕ ಟಿ ಕೋಶ’ ಎನಿಸಿಕೊಳ್ಳುವ ಬಿಳಿ ರಕ್ತಕಣಗಳನ್ನು ಅದು ಗುರುತಿಸಿತ್ತು. ಲೇಖಕರ ಸಾಲಿನ ಮೊದಲ ಹೆಸರು ಶಿಮೊನ್ ಸಕಾಗುಚಿ ಅವರದು, ಎರಡನೆಯದು ಅವರ ಪತ್ನಿಯೂ ಸಹಸಂಶೋಧಕಿಯೂ ಆದ ನೊರಿಕೊ ಸಕಾಗುಚಿ ಅವರದು. ಪ್ರತಿರಕ್ಷಾ ವಿಜ್ಞಾನದಲ್ಲಿ ಬಹಳ ಹೆಚ್ಚು ಉಲ್ಲೇಖಗೊಂಡ ಮೂಲ ಸಂಶೋಧನಾ ಪ್ರಬಂಧಗಳ ಸಾಲಿಗೆ ಇಂದು ಅದು ಸೇರುತ್ತದೆ; ಸಾವಿರಾರು ಪ್ರಬಂಧಗಳು ಅದನ್ನು ಆಧಾರವಾಗಿ ಕೊಟ್ಟಿವೆ. 2025ರ ಅಕ್ಟೋಬರ್ 6ರಂದು ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಸಕಾಗುಚಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಘೋಷಿಸಿದಾಗ, ಮೊದಲ ಮುಖ್ಯ ಶೋಧವೆಂದು ಸಮಿತಿ ಎತ್ತಿ ಹೇಳಿದ್ದು 1995ರ ಈ ಕೆಲಸವನ್ನೇ.

ಪ್ರಬಂಧದ ಮಹತ್ವವನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. ಈ ಅಧ್ಯಯನ ಕೇಳಲು ಹೊರಟಿರುವ ಪ್ರಶ್ನೆ ಬೇರೆ: ಇದೇ ಸಂಶೋಧಕರ ಪ್ರಕಟಣೆಗಳ ಪಟ್ಟಿಯನ್ನು 1990ರಲ್ಲೋ 1997ರಲ್ಲೋ 2003ರಲ್ಲೋ ಒಂದು ಆಯ್ಕೆ ಸಮಿತಿ ಕೈಗೆತ್ತಿಕೊಂಡಿದ್ದರೆ, ಉಲ್ಲೇಖಗಳ ಎಣಿಕೆಯಿಂದ ಅದಕ್ಕೆ ಏನು ತಿಳಿಯುತ್ತಿತ್ತು, ಏನು ತಿಳಿಯದೆ ಉಳಿಯುತ್ತಿತ್ತು? ನೇಮಕಾತಿ, ಬಡ್ತಿ, ಅನುದಾನಗಳು ಎಲ್ಲೆಡೆ ಇಂತಹ ಎಣಿಕೆಯ ಮೇಲೆ ನಿಂತಿರುವ ಈ ಕಾಲದಲ್ಲಿ ಇದು ಕೇವಲ ಇತಿಹಾಸದ ಕುತೂಹಲವಲ್ಲ. ಸಕಾಗುಚಿ ಅವರ ಪಟ್ಟಿಯನ್ನು ವರ್ಷದಿಂದ ವರ್ಷಕ್ಕೆ ಓದುತ್ತ ಹೋದಾಗ ನನಗೆ ಕಂಡದ್ದು ಇದು: ಒಂದು ವಿಚಾರವನ್ನು ಇತರರು ತಮ್ಮ ತಮ್ಮ ಪ್ರಯೋಗಾಲಯಗಳಲ್ಲಿ ಕೈಯಾರೆ ಪರೀಕ್ಷಿಸಿ ನೋಡಬಹುದಾದ ಸಲಕರಣೆ ಸಿಕ್ಕ ಕ್ಷಣದಿಂದ ಉಲ್ಲೇಖಗಳು ಏರತೊಡಗುತ್ತವೆ, ಅದಕ್ಕೆ ಮೊದಲು ಆ ವಿಚಾರ ಎಷ್ಟೇ ಗಟ್ಟಿಯಾಗಿದ್ದರೂ ಎಣಿಕೆಗೆ ಅದರ ಸುಳಿವು ಹತ್ತುವುದಿಲ್ಲ.

ಮೂರನೆಯ ದಿನದ ಶಸ್ತ್ರಕ್ರಿಯೆ

ಸಕಾಗುಚಿ 1951ರಲ್ಲಿ ಜಪಾನಿನ ಶಿಗಾ ಪ್ರಾಂತ್ಯದ ನಾಗಹಾಮಾದಲ್ಲಿ ಹುಟ್ಟಿದರು. 1976ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಅಲ್ಲಿಯೇ ಸ್ನಾತಕೋತ್ತರ ಸಂಶೋಧನೆ ಆರಂಭಿಸಿದ್ದವರು ಅದನ್ನು ಬಿಟ್ಟು ನಗೋಯಾದಲ್ಲಿರುವ ಐಚಿ ಕ್ಯಾನ್ಸರ್ ಕೇಂದ್ರಕ್ಕೆ, ಯಾಸುವಾಕಿ ನಿಶಿಜುಕಾ ಅವರ ಪ್ರಯೋಗಾಲಯಕ್ಕೆ ಹೋದರು. ಅವರನ್ನು ಅಲ್ಲಿಗೆ ಸೆಳೆದದ್ದು ನಿಶಿಜುಕಾ ಮತ್ತು ಸಕಾಕುರಾ 1969ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ದ ಒಂದು ವಿಚಿತ್ರ ಫಲಿತಾಂಶ. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಟಿ ಜೀವಕೋಶಗಳು ಪಕ್ವಗೊಳ್ಳುವ ತಾಣ. ಅದನ್ನು ತೆಗೆದುಹಾಕಿದರೆ ದೇಹದ ಪ್ರತಿರಕ್ಷೆ ಕುಗ್ಗಬೇಕೆಂಬುದು ಸಹಜ ನಿರೀಕ್ಷೆ. ಆದರೆ ಹುಟ್ಟಿದ ಮೂರನೆಯ ದಿನ ಥೈಮಸ್ ತೆಗೆದ ಹೆಣ್ಣು ಇಲಿಗಳಲ್ಲಿ ಅಂಡಾಶಯಗಳು ನಾಶವಾದವು. ಒಂದು ವಾರ ಕಳೆದ ಮೇಲೆ ತೆಗೆದರೆ ಹಾಗಾಗಲಿಲ್ಲ.

ಮೊದಲು ಇದು ಹಾರ್ಮೋನಿನ ಏರುಪೇರಿರಬಹುದೆಂದು ಊಹಿಸಲಾಗಿತ್ತು. ಅಂಡಾಶಯವನ್ನು ನಾಶಮಾಡುತ್ತಿರುವುದು ಇಲಿಯ ಸ್ವಂತ ಟಿ ಕೋಶಗಳೇ ಎಂಬುದನ್ನೂ, ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದರೆ ಆ ನಾಶವನ್ನು ತಡೆಯಬಹುದೆಂಬುದನ್ನೂ ಸಕಾಗುಚಿ ಮತ್ತು ಸಹೋದ್ಯೋಗಿಗಳು 1982ರಲ್ಲಿ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ನಲ್ಲಿ ಪ್ರಕಟಿಸಿದರು. ಅದೇ ಪತ್ರಿಕೆಯಲ್ಲಿ 1985ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಥೈಮಸ್ಸನ್ನು ಮುಟ್ಟುವ ಅಗತ್ಯವೂ ಇಲ್ಲ, ಸಾಮಾನ್ಯ ಇಲಿಯ ಟಿ ಕೋಶಗಳ ರಾಶಿಯಿಂದ ಒಂದು ಬಗೆಯವನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಟಿ ಕೋಶಗಳೇ ಇಲ್ಲದ ಇಲಿಗೆ ವರ್ಗಾಯಿಸಿದರೆ ಆ ಇಲಿಗೆ ಸ್ವಯಂ ಪ್ರತಿರಕ್ಷಾ ರೋಗ, ಅಂದರೆ ಪ್ರತಿರಕ್ಷೆಯೇ ಸ್ವಂತ ಅಂಗಗಳನ್ನು ನಾಶಮಾಡುವ ರೋಗ, ಬರುತ್ತದೆ. ಅಂದರೆ ಆರೋಗ್ಯವಂತ ದೇಹದಲ್ಲಿಯೂ ದಾಳಿ ಮಾಡಬಲ್ಲ ಕೋಶಗಳು ಸದಾ ಇರುತ್ತವೆ, ಅವುಗಳನ್ನು ಹಿಡಿದಿಡುವ ಕೋಶಗಳೂ ಜೊತೆಗೇ ಇರುತ್ತವೆ. 2025ರಲ್ಲಿ ಪ್ರಶಸ್ತಿ ಪಡೆದ ವಿಚಾರದ ಹುರುಳು 1985ರ ಆ ಪ್ರಬಂಧದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಕೊರತೆಯಿದ್ದದ್ದು ಆ ಕೋಶಗಳನ್ನು ಖಚಿತವಾಗಿ ಗುರುತಿಸುವ ಒಂದು ಚಿಹ್ನೆಗೆ. ಆಗ ಬಳಸಿದ ಚಿಹ್ನೆ ಬಹಳ ಒರಟಾಗಿತ್ತು, ಬೇಡದ ಕೋಶಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು.

ಕಾಲವೂ ಅನುಕೂಲವಾಗಿರಲಿಲ್ಲ. ಪ್ರತಿರಕ್ಷೆಯನ್ನು ತಗ್ಗಿಸುವ ಟಿ ಕೋಶಗಳ ಮಾತನ್ನು ರಿಚರ್ಡ್ ಗರ್ಷನ್ ಮತ್ತು ಕೊಂಡೊ 1970ರ ಸುಮಾರಿಗೆ ಎತ್ತಿದ್ದರು. ಮುಂದಿನ ಹತ್ತು ವರ್ಷಗಳಲ್ಲಿ ‘ಸಪ್ರೆಸರ್ ಟಿ ಸೆಲ್’ ಎಂಬ ಹೆಸರಿನಲ್ಲಿ ದೊಡ್ಡದೊಂದು ಸಾಹಿತ್ಯವೇ ಬೆಳೆಯಿತು. ಆ ಕೋಶಗಳ ಗುರುತೆಂದು ನಂಬಲಾಗಿದ್ದ ‘ಐ-ಜೆ’ ಅಣುವಿನ ಸುತ್ತ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುತ್ತ ರಾಶಿಯಾದವು. 1980ರ ದಶಕದ ಆರಂಭದಲ್ಲಿ ಇಲಿಯ ಆ ವರ್ಣತಂತುವಿನ ಭಾಗವನ್ನು ಅಣುಮಟ್ಟದಲ್ಲಿ ಬಿಡಿಸಿ ನೋಡಿದಾಗ, ಐ-ಜೆ ವಂಶವಾಹಿ ಇರಬೇಕಾಗಿದ್ದ ಜಾಗದಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಕ್ಷೇತ್ರ ಕುಸಿಯಿತು. ‘ಸಪ್ರೆಸರ್’ ಎಂಬ ಪದವನ್ನು ಶೀರ್ಷಿಕೆಯಲ್ಲಿ ಹಾಕಲು ಸಂಶೋಧಕರು ಹಿಂಜರಿಯುವಂತಾಯಿತು. ಸಕಾಗುಚಿ ಅವರ 1985ರ ಪ್ರಬಂಧ ಬಂದದ್ದು ಈ ಕುಸಿತದ ಬೆನ್ನಲ್ಲೇ.

ಉಲ್ಲೇಖಗಳ ಎಣಿಕೆಯ ಬಗ್ಗೆ ಯೋಚಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಸ್ತಿತ್ವದಲ್ಲೇ ಇಲ್ಲದ ಒಂದು ಅಣುವಿನ ಕುರಿತ ಪ್ರಬಂಧಗಳು ತಮ್ಮ ಕಾಲದಲ್ಲಿ ಧಾರಾಳವಾಗಿ ಉಲ್ಲೇಖಗೊಂಡಿದ್ದವು. ಅವುಗಳ ಲೇಖಕರು ಪ್ರಾಮಾಣಿಕರೇ ಆಗಿದ್ದರು, ಅವರು ಪ್ರಯೋಗಗಳಲ್ಲಿ ಕಂಡದ್ದರಲ್ಲಿ ಒಂದಷ್ಟು ನಿಜವೂ ಇತ್ತು. ಆದರೆ 1982ರಲ್ಲಿ ಕುಳಿತ ಸಮಿತಿಯೊಂದು ಉಲ್ಲೇಖಗಳನ್ನಷ್ಟೇ ಎಣಿಸಿದ್ದರೆ, ಹಾದಿ ಮುಗಿಯಲಿದ್ದ ಕಡೆಗೇ ಬೊಟ್ಟು ಮಾಡುತ್ತಿತ್ತು.

ಮುಂದಿನ ವರ್ಷಗಳನ್ನು ಸಕಾಗುಚಿ ಅಮೆರಿಕದಲ್ಲಿ, ಜಾನ್ಸ್ ಹಾಪ್ಕಿನ್ಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳೂ ಸೇರಿದಂತೆ ಬೇರೆ ಬೇರೆ ಕಡೆಗಳಲ್ಲಿ ಕಳೆದರು. ಲೂಸಿಲ್ ಮಾರ್ಕಿ ದತ್ತಿಯ ದೀರ್ಘಾವಧಿಯ ನೆರವು ಅವರಿಗಿತ್ತು. ಸೈಕ್ಲೋಸ್ಪೊರಿನ್ ಔಷಧ ಕೊಟ್ಟ ಇಲಿಯ ಥೈಮಸ್ಸನ್ನು ಥೈಮಸ್ ಇಲ್ಲದ ಇಲಿಗೆ ಕಸಿ ಮಾಡಿದರೆ ಸ್ವಯಂ ಪ್ರತಿರಕ್ಷಾ ರೋಗ ಬರುತ್ತದೆಂದು ತೋರಿಸಿದ 1988ರ ಕೆಲಸ ಈ ಅವಧಿಯದು. ಪಟ್ಟಿಯನ್ನು ಕಣ್ಣಾಡಿಸುವವರಿಗೆ ಅಂಡಾಶಯ, ಜಠರ, ಔಷಧ, ಕಸಿ ಎಂದು ವಿಷಯಗಳು ಚದುರಿದಂತೆ ಕಾಣಬಹುದು. ಪ್ರಬಂಧಗಳನ್ನು ಓದಿದವರಿಗೆ ಮಾತ್ರ ಅವೆಲ್ಲವೂ ಒಂದೇ ಪ್ರಶ್ನೆಯ ಬೇರೆ ಬೇರೆ ಪರೀಕ್ಷೆಗಳೆಂದು ತಿಳಿಯುತ್ತದೆ.

1995ರ ಪ್ರಯೋಗ

ಆ ಪ್ರಬಂಧದಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಮುಂದಿನ ಉಲ್ಲೇಖಗಳ ಕಥೆಯೆಲ್ಲ ಅದರ ವಿವರಗಳಲ್ಲಿದೆ. ಆರೋಗ್ಯವಾಗಿರುವ, ಯಾವ ಲಸಿಕೆಯನ್ನೂ ಪಡೆಯದ ಇಲಿಯ ಗುಲ್ಮ ಮತ್ತು ದುಗ್ಧಗ್ರಂಥಿಗಳಿಂದ ಟಿ ಕೋಶಗಳನ್ನು ತೆಗೆದರು. ಅವುಗಳಲ್ಲಿ ‘ಸಿಡಿ4’ ಎಂಬ ಗುರುತಿರುವ ಕೋಶಗಳ ಪೈಕಿ ಸುಮಾರು ಶೇಕಡಾ 10ರಷ್ಟು ಮಾತ್ರ ‘ಸಿಡಿ25’ ಎಂಬ ಇನ್ನೊಂದು ಅಣುವನ್ನು ಮೈಮೇಲೆ ಹೊತ್ತಿದ್ದವು. ಸಿಡಿ25ಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನೂ, ಪ್ರತಿಕಾಯ ಅಂಟಿದ ಕೋಶವನ್ನು ಕೊಲ್ಲುವ ‘ಕಾಂಪ್ಲಿಮೆಂಟ್’ ಪ್ರೋಟೀನುಗಳನ್ನೂ ಸೇರಿಸಿ ಆ ಶೇಕಡಾ 10ನ್ನು ನಾಶಮಾಡಿದರು. ಉಳಿದವನ್ನು ‘ನ್ಯೂಡ್’ ತಳಿಯ, ಅಂದರೆ ಹುಟ್ಟಿನಿಂದಲೇ ಥೈಮಸ್ ಇಲ್ಲದ ಇಲಿಗಳಿಗೆ ಚುಚ್ಚಿದರು.

ಹೀಗೆ ಕೋಶಗಳನ್ನು ಪಡೆದ ಇಲಿಗಳೆಲ್ಲವೂ ತಾವಾಗಿಯೇ ರೋಗಕ್ಕೀಡಾದವು. ಥೈರಾಯ್ಡ್, ಜಠರ, ಲಾಲಾಗ್ರಂಥಿ, ಅಡ್ರಿನಲ್ ಗ್ರಂಥಿ, ಅಂಡಾಶಯ, ಇನ್ಸುಲಿನ್ ಸ್ರವಿಸುವ ಕೋಶಸಮೂಹ, ಮೂತ್ರಪಿಂಡ, ಕೀಲುಗಳು ಹೀಗೆ ಅಂಗದಿಂದ ಅಂಗಕ್ಕೆ ಉರಿಯೂತ ಕಾಣಿಸಿಕೊಂಡಿತು. ಬಳಿಕ, ತೆಗೆದುಹಾಕಿದ್ದ ಬಗೆಯ ಸಿಡಿ25 ಕೋಶಗಳನ್ನೇ ಸೀಮಿತ ಅವಧಿಯೊಳಗೆ ಮರಳಿ ಕೊಟ್ಟರೆ ರೋಗ ಬರಲಿಲ್ಲ. ಕೊಟ್ಟ ಪ್ರಮಾಣ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚಿತು. ತೆಗೆದರೆ ಹತ್ತಿಕೊಳ್ಳುತ್ತದೆ, ಹಾಕಿದರೆ ನಿಲ್ಲುತ್ತದೆ. ಇಷ್ಟು ಸರಳವಾದ, ಇಷ್ಟು ತೀರ್ಮಾನದ ಪ್ರಯೋಗವನ್ನು ಓದುವಾಗ ಇಂದಿಗೂ ಮನಸ್ಸು ತುಂಬುತ್ತದೆ.

ಇಷ್ಟಾದರೂ ಸಂದೇಹಕ್ಕೆ ಕಾರಣವಿತ್ತು, ಮತ್ತು ಆ ಸಂದೇಹವನ್ನು ಮೂರ್ಖತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಿಡಿ25 ಎಂಬುದು ಇಂಟರ್‌ಲ್ಯೂಕಿನ್-2ರ ಗ್ರಾಹಕದ ಒಂದು ಭಾಗ. ಸೋಂಕಿನ ವೇಳೆ ಎಚ್ಚೆತ್ತ ಯಾವುದೇ ಸಾಧಾರಣ ಟಿ ಕೋಶವೂ ಅದನ್ನು ಹೊರತೋರಿಸುತ್ತದೆ. ಹಾಗಿರುವಾಗ ಇದು ಪ್ರತ್ಯೇಕ ಜಾತಿಯ ಕೋಶವೋ, ಬರಿಯ ಎಚ್ಚೆತ್ತ ಕೋಶವೋ ಎಂದು ಕೇಳುವುದು ಸಹಜವೇ ಆಗಿತ್ತು. ಐ-ಜೆ ಪ್ರಕರಣದಲ್ಲಿ ಕೈಸುಟ್ಟುಕೊಂಡಿದ್ದ ಕ್ಷೇತ್ರ ಮತ್ತೊಮ್ಮೆ ಬೇಗನೆ ನಂಬಲು ಸಿದ್ಧವಿರಲಿಲ್ಲ. ಸಕಾಗುಚಿ ಒಬ್ಬಂಟಿಯಾಗಿದ್ದರೆಂದೂ ಹೇಳಲಾಗದು. ಆಕ್ಸ್‌ಫರ್ಡ್‌ನಲ್ಲಿ ಫಿಯೋನಾ ಪೌರಿ ಮತ್ತು ಡಾನ್ ಮೇಸನ್ 1990ರಲ್ಲಿಯೇ ದೊಡ್ಡ ಇಲಿಗಳಲ್ಲಿ ಬೇರೊಂದು ಚಿಹ್ನೆಯನ್ನು ಬಳಸಿ ಇದೇ ದಿಕ್ಕಿನ ಫಲಿತಾಂಶ ಪಡೆದಿದ್ದರು.

ಇಂಪ್ಯಾಕ್ಟ್ ಫ್ಯಾಕ್ಟರಿನ ಎರಡು ವರ್ಷ

ಇಲ್ಲಿ ಅಳತೆಗೋಲನ್ನೇ ಸ್ವಲ್ಪ ಅಳೆಯಬೇಕು. ವೈಜ್ಞಾನಿಕ ಸಾಹಿತ್ಯಕ್ಕೆ ಉಲ್ಲೇಖ ಸೂಚಿಯೊಂದು ಬೇಕೆಂದು ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಪ್ರತಿಪಾದಿಸಿದರು. ಅವರ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ 1964ರಲ್ಲಿ ಹೊರಬಂತು. ಪ್ರಬಂಧದಿಂದ ಪ್ರಬಂಧಕ್ಕೆ ವಿಚಾರಗಳು ಹರಿದ ದಾರಿಯನ್ನು ಹುಡುಕಿ ತೋರಿಸುವುದು ಅದರ ಉದ್ದೇಶವಾಗಿತ್ತು, ಮತ್ತು ಆ ಕೆಲಸಕ್ಕೆ ಅದು ಇಂದಿಗೂ ಅಮೂಲ್ಯ. ಅದರಿಂದಲೇ ಹುಟ್ಟಿದ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದು ಪತ್ರಿಕೆಯ ಸರಾಸರಿ: ಹಿಂದಿನ ಎರಡು ವರ್ಷಗಳಲ್ಲಿ ಆ ಪತ್ರಿಕೆ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬ ಲೆಕ್ಕ.

ಈ ಲೆಕ್ಕವನ್ನು 1995ರ ಪ್ರಬಂಧಕ್ಕೆ ಹಚ್ಚಿ ನೋಡೋಣ. 1996 ಮತ್ತು 1997ರಲ್ಲಿ ಅದಕ್ಕೆ ಬಂದ ಉಲ್ಲೇಖಗಳು ಮಾತ್ರ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಸೇರುತ್ತವೆ. 1998ರಿಂದ ಮುಂದಕ್ಕೆ ಬಂದದ್ದರಲ್ಲಿ ಒಂದೂ ಸೇರುವುದಿಲ್ಲ. ಆದರೆ ಈ ಪ್ರಬಂಧದ ಅದೃಷ್ಟ ಬದಲಾದದ್ದು 1998ರಲ್ಲಿ. ಅಂದರೆ ಪ್ರತಿರಕ್ಷಾ ವಿಜ್ಞಾನದ ಬಹುದೊಡ್ಡ ಪ್ರಬಂಧವೊಂದು ತನ್ನ ಉಲ್ಲೇಖಗಳ ಬಹುಭಾಗವನ್ನು ಪಡೆಯುವ ಮೊದಲೇ, ಆ ಪ್ರಮಾಣದ ಮಟ್ಟಿಗೆ ಅದರ ಲೆಕ್ಕ ಮುಗಿದುಹೋಗಿತ್ತು. ಪತ್ರಿಕೆಯ ಹೆಸರು ನೋಡಿ ಪ್ರಬಂಧಕ್ಕೆ ಅಂಕ ಕೊಡುವ ರೂಢಿಯ ವಿರುದ್ಧ 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ್ದ ಸಂಪಾದಕರು ಮತ್ತು ಸಂಶೋಧಕರು ರೂಪಿಸಿದ ‘ಡೋರಾ’ ಘೋಷಣೆ, ಬಿಡಿ ಸಂಶೋಧಕರನ್ನು ಅಳೆಯಲು ಪತ್ರಿಕೆಯ ಪ್ರಮಾಣವನ್ನು ಬಳಸಬೇಡಿರೆಂದು ಕೇಳಿಕೊಳ್ಳುತ್ತದೆ. ಅದರ ಪರವಾಗಿ ವಾದಿಸಲು ಇದಕ್ಕಿಂತ ನೇರವಾದ ನಿದರ್ಶನ ನನಗೆ ತಿಳಿದಿಲ್ಲ. ಪ್ರಬಂಧ ಅಚ್ಚಾದದ್ದು ‘ನೇಚರ್’, ‘ಸೆಲ್’, ‘ಸೈನ್ಸ್’ ಈ ಮೂರರಲ್ಲಿ ಯಾವುದರಲ್ಲೂ ಅಲ್ಲ, ಕ್ಷೇತ್ರದವರು ದಿನನಿತ್ಯ ಓದುವ ವೃತ್ತಿಪತ್ರಿಕೆಯಲ್ಲಿ ಎಂಬುದನ್ನೂ ಇದರೊಡನೆ ಗಮನಿಸಬೇಕು.

ಎಣಿಕೆ ಏರಿದ ಬಗೆ

1998ರಲ್ಲಿ ನಡೆದದ್ದೇನು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿದ್ದ ಈಥನ್ ಶೆವಾಕ್ ಸಪ್ರೆಸರ್ ಕೋಶಗಳ ಹಳೆಯ ಸಾಹಿತ್ಯವನ್ನು ಗಟ್ಟಿಯಾಗಿ ಸಂದೇಹಿಸಿದ್ದವರು. ಅವರೂ ಏಂಜೆಲಾ ಥಾರ್ನ್‌ಟನ್ ಅವರೂ ಸಿಡಿ25 ಕೋಶಗಳನ್ನು ಇಲಿಯ ದೇಹದಿಂದ ಹೊರತಂದು, ಪ್ರಯೋಗಾಲಯದ ತಟ್ಟೆಯಲ್ಲಿ ಸಾಧಾರಣ ಟಿ ಕೋಶಗಳ ಜೊತೆಗಿಟ್ಟು, ಅವು ಆ ಕೋಶಗಳ ವೃದ್ಧಿಯನ್ನು ತಡೆಯುತ್ತವೆಯೇ ಎಂದು ನೋಡಿದರು. ತಡೆದವು. ಸಕಾಗುಚಿ ಅವರ ಗುಂಪು ಸಹ ಅದೇ ವರ್ಷ ‘ಇಂಟರ್‌ನ್ಯಾಷನಲ್ ಇಮ್ಯುನಾಲಜಿ’ಯಲ್ಲಿ ಇಂಥದೇ ಪರೀಕ್ಷೆಯನ್ನು ಪ್ರಕಟಿಸಿತು.

ಇದರ ಪರಿಣಾಮವನ್ನು ಕಡಿಮೆ ಅಂದಾಜು ಮಾಡಬಾರದು. ಅದುವರೆಗೆ ಈ ವಿಚಾರವನ್ನು ಪರೀಕ್ಷಿಸಬೇಕೆಂದರೆ ನ್ಯೂಡ್ ಇಲಿಗಳನ್ನು ಸಾಕಬೇಕು, ಕೋಶಗಳನ್ನು ವರ್ಗಾಯಿಸಬೇಕು, ವಾರಗಟ್ಟಲೆ ಕಾಯಬೇಕು, ಕೊನೆಗೆ ಅಂಗ ಅಂಗವನ್ನೂ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಈಗ ಸಿಡಿ25ರ ಪ್ರತಿಕಾಯ, ಕೋಶ ಬೇರ್ಪಡಿಸುವ ಯಂತ್ರ ಮತ್ತು ಒಂದು ತಟ್ಟೆ ಇದ್ದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತಿತ್ತು. 1999ರಲ್ಲಿ ಸಿಡಿ25 ಕೋಶಗಳನ್ನು ತೆಗೆದುಹಾಕಿದರೆ ಇಲಿಯ ದೇಹ ಗಡ್ಡೆಯನ್ನು ಹೆಚ್ಚು ಬಲವಾಗಿ ಎದುರಿಸುತ್ತದೆಂದು ತೋರಿಬಂದಾಗ ಕ್ಯಾನ್ಸರ್ ಸಂಶೋಧಕರೂ ಇತ್ತ ತಿರುಗಿದರು. 2001ರಲ್ಲಿ ಹಲವು ಗುಂಪುಗಳು ಮನುಷ್ಯರ ರಕ್ತದಲ್ಲಿ ಅದೇ ಬಗೆಯ ಕೋಶಗಳನ್ನು ಗುರುತಿಸಿದವು. ಸಂಧಿವಾತ, ಮಧುಮೇಹ, ಅಲರ್ಜಿ, ಅಂಗಕಸಿ ಹೀಗೆ ಒಂದೊಂದು ಶಾಖೆಯೂ ತನ್ನದೇ ರೋಗದಲ್ಲಿ ಈ ಕೋಶಗಳನ್ನು ಹುಡುಕತೊಡಗಿತು, ಮತ್ತು ಹುಡುಕಿದವರೆಲ್ಲ ತಮ್ಮ ಪ್ರಬಂಧದ ಮೊದಲ ಪರಿಚ್ಛೇದದಲ್ಲಿ 1995ರ ಪ್ರಬಂಧವನ್ನು ಆಧಾರವಾಗಿ ಕೊಟ್ಟರು.

ಆ ಮೊದಲ ಪರಿಚ್ಛೇದದ ಉಲ್ಲೇಖ ಎಂಥದೆಂಬುದನ್ನು ಎಣಿಕೆ ಹೇಳುವುದಿಲ್ಲ. ಒಂದು ಪ್ರಬಂಧ 1995ರ ಪ್ರಯೋಗವನ್ನೇ ಮರಳಿ ಮಾಡಿ ಅದರ ಮೇಲೆ ಹೊಸದನ್ನು ಕಟ್ಟಿರಬಹುದು. ಇನ್ನೊಂದು, ‘ನಿಯಂತ್ರಕ ಟಿ ಕೋಶಗಳು ಸಿಡಿ25 ಅಣುವನ್ನು ಹೊಂದಿವೆ’ ಎಂಬ ಒಂದು ಸಾಲಿನ ಕೊನೆಗೆ ರೂಢಿಯಂತೆ ಒಂದು ಸಂಖ್ಯೆಯನ್ನು ಹಾಕಿ ಮುಂದೆ ಹೋಗಿರಬಹುದು. ಸೂಚಿಯಲ್ಲಿ ಎರಡೂ ಒಂದೊಂದೇ. ಅದಕ್ಕೂ ಮಿಗಿಲಾಗಿ, ವಿಚಾರವೊಂದು ಪಠ್ಯಪುಸ್ತಕದ ಮಾತಾದ ಮೇಲೆ ಮೂಲ ಪ್ರಬಂಧವನ್ನು ಉಲ್ಲೇಖಿಸುವ ಅಗತ್ಯವೇ ಯಾರಿಗೂ ಕಾಣದೆ ಹೋಗುತ್ತದೆ. ಇದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಗುರುತಿಸಿದ್ದರು. 1985ರ ಪ್ರಬಂಧಕ್ಕೆ ಆದದ್ದು ಇದರ ಇನ್ನೊಂದು ರೂಪವೆಂದು ನನಗೆ ತೋರುತ್ತದೆ. ಹೆಚ್ಚು ಸ್ಪಷ್ಟವಾದ ಚಿಹ್ನೆಯೊಡನೆ 1995ರದು ಬಂದಮೇಲೆ ನಂತರದವರು ಅದನ್ನೇ ಉಲ್ಲೇಖಿಸಿದರು, ಹತ್ತು ವರ್ಷ ಹಿಂದಿನದು ಅದರ ನೆರಳಿನಲ್ಲಿ ಉಳಿಯಿತು.

2003ರಲ್ಲಿ ಸಂದೇಹಕ್ಕೆ ಉಳಿದಿದ್ದ ಕೊನೆಯ ಎಡೆಯೂ ಮುಚ್ಚಿತು. ಹೊರಿ, ನೊಮುರಾ ಮತ್ತು ಸಕಾಗುಚಿ ಈ ಮೂವರೇ ಲೇಖಕರಾಗಿದ್ದ ‘ಸೈನ್ಸ್’ ಪ್ರಬಂಧ, ‘ಫಾಕ್ಸ್‌ಪಿ3’ ಎಂಬ ವಂಶವಾಹಿಯನ್ನು ಸಾಧಾರಣ ಟಿ ಕೋಶದೊಳಕ್ಕೆ ಸೇರಿಸಿದರೆ ಅದು ನಿಯಂತ್ರಕ ಕೋಶದಂತೆ ವರ್ತಿಸತೊಡಗುತ್ತದೆ ಎಂದು ತೋರಿಸಿತು. ಅದೇ ವರ್ಷ ಅಲೆಕ್ಸಾಂಡರ್ ರುಡೆನ್‌ಸ್ಕಿ ಅವರ ಗುಂಪು ಮತ್ತು ರಾಮ್ಸ್‌ಡೆಲ್ ಅವರ ಗುಂಪು ‘ನೇಚರ್ ಇಮ್ಯುನಾಲಜಿ’ಯಲ್ಲಿ ಹೊಂದುವ ಫಲಿತಾಂಶಗಳನ್ನು ಪ್ರಕಟಿಸಿದವು. ಇನ್ನು ಇದು ಬರಿಯ ಎಚ್ಚೆತ್ತ ಕೋಶವಿರಬಹುದೆಂಬ ವಾದ ನಿಲ್ಲಲಿಲ್ಲ.

ಲೇಖಕರ ಸಾಲಿನಲ್ಲಿ ಸಕಾಗುಚಿ ಅವರ ಸ್ಥಾನ ಬದಲಾದ ಬಗೆಯನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಪ್ರಕಟಣೆಯ ಪಟ್ಟಿಯನ್ನು ಓದಬಲ್ಲವರಿಗೆ ಅದು ಒಟ್ಟು ಮೊತ್ತಕ್ಕಿಂತ ಹೆಚ್ಚು ತಿಳಿಸುತ್ತದೆ. 1985ರಲ್ಲಿ ಅವರು ಮೊದಲ ಲೇಖಕರು, ಅಂದರೆ ಪ್ರಯೋಗವನ್ನು ಕೈಯಾರೆ ಮಾಡಿದವರು. ಅದು ಆ ವಯಸ್ಸಿನಲ್ಲಿ ಸಹಜ. 1995ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರ ವಾರಿಗೆಯ ಬಹಳ ಮಂದಿ ದೊಡ್ಡ ಗುಂಪುಗಳ ಮುಖ್ಯಸ್ಥರಾಗಿ ಕೊನೆಯ ಸ್ಥಾನಕ್ಕೆ ಸರಿದಿರುವ ಹೊತ್ತಿನಲ್ಲಿಯೂ ಅವರು ಮೊದಲ ಸ್ಥಾನದಲ್ಲಿಯೇ ಇದ್ದಾರೆ, ಪಕ್ಕದಲ್ಲಿ ಪತ್ನಿ. ಜನಪ್ರಿಯವಲ್ಲದ ಪ್ರಶ್ನೆಯೊಂದನ್ನು ಕೆಲವೇ ಕೈಗಳು ಹಿಡಿದು ನಡೆಸಿದ ಚಿತ್ರ ಆ ಸಾಲಿನಲ್ಲಿದೆ. 1999ರಲ್ಲಿ ಕ್ಯೋಟೊದಲ್ಲಿ ಪ್ರಾಧ್ಯಾಪಕರಾದ ಅವರು 2003ರ ವೇಳೆಗೆ ಕೊನೆಯ ಲೇಖಕರು, ಗುಂಪು ಬೆಳೆದಿತ್ತು; ಒಸಾಕಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಅದರ ನಂತರ. 2003ರಲ್ಲಿಯೇ ‘ನೇಚರ್’ನಲ್ಲಿ ಬಂದ, ಸಂಧಿವಾತಕ್ಕೀಡಾಗುವ ಇಲಿ ತಳಿಯ ಕುರಿತ ಪ್ರಬಂಧಕ್ಕೆ ನೊರಿಕೊ ಸಕಾಗುಚಿ ಮೊದಲ ಲೇಖಕಿ. ಮನೆತನದ ಹೆಸರನ್ನಷ್ಟೇ ನೋಡಿ ಮೊತ್ತ ಹಾಕುವ ಹುಡುಕಾಟದಲ್ಲಿ, ಒಂದೇ ಮನೆತನದ ಹೆಸರಿನ ಇಬ್ಬರ ದುಡಿಮೆ ಕಲೆಸಿಹೋಗುವ ಅಥವಾ ಒಬ್ಬರದು ಮರೆಯಾಗುವ ಅಪಾಯ ಯಾವಾಗಲೂ ಇರುತ್ತದೆ.

2004ರ ನಂತರ ಪಟ್ಟಿಯಲ್ಲಿ ಸಮೀಕ್ಷಾ ಲೇಖನಗಳ ತೂಕ ಹೆಚ್ಚುತ್ತದೆ: ಆ ವರ್ಷ ‘ಆನ್ಯುಯಲ್ ರಿವ್ಯೂ ಆಫ್ ಇಮ್ಯುನಾಲಜಿ’, 2008ರಲ್ಲಿ ‘ಸೆಲ್’, 2010ರಲ್ಲಿ ‘ನೇಚರ್ ರಿವ್ಯೂಸ್ ಇಮ್ಯುನಾಲಜಿ’. ಇವೂ ಸಾವಿರಗಳ ಲೆಕ್ಕದಲ್ಲಿ ಉಲ್ಲೇಖಗೊಂಡಿವೆ. ಸಮೀಕ್ಷೆ ಬರೆಯುವುದು ದೊಡ್ಡ ಸೇವೆಯೇ. ಆದರೆ ಅದು ಮೂಲ ಪ್ರಬಂಧಗಳಿಗೆ ಹೋಗಬೇಕಾದ ಉಲ್ಲೇಖಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಸ್ವಂತ ಗುಂಪಿನವನ್ನೂ ಇತರರವನ್ನೂ. ಮೂಲ ಪ್ರಬಂಧ ಮತ್ತು ಸಮೀಕ್ಷೆಗಳನ್ನು ಬೇರ್ಪಡಿಸದೆ ಹಾಕಿದ ಮೊತ್ತದಿಂದ ಒಬ್ಬರ ಶೋಧ ಎಷ್ಟು, ಕ್ಷೇತ್ರಕ್ಕೆ ಅವರು ಒದಗಿಸಿದ ವಿವರಣೆ ಎಷ್ಟು ಎಂದು ತಿಳಿಯುವುದಿಲ್ಲ.

ಕಂಪನಿಯಿಂದ ಬಂದ ಪ್ರಬಂಧ

ಫಾಕ್ಸ್‌ಪಿ3 ಎಲ್ಲಿಂದ ಬಂತು ಎಂಬುದನ್ನು ಹೇಳದೆ ಈ ಪ್ರಕರಣ ಪೂರ್ಣವಾಗುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ, ವಿಕಿರಣದ ಪರಿಣಾಮಗಳನ್ನು ಅಭ್ಯಸಿಸಲು ಸಾಕಿದ್ದ ಇಲಿಗಳಲ್ಲಿ, ಒರಟು ಹೊಪ್ಪಳೆ ಚರ್ಮದ, ಕೆಲವೇ ವಾರಗಳಲ್ಲಿ ಸಾಯುವ ಗಂಡುಮರಿಗಳು ಹುಟ್ಟಿದವು. ‘ಸ್ಕರ್ಫಿ’ ಎಂದು ಹೆಸರಾದ ಈ ತಳಿಯ ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂಬುದಷ್ಟು ತಿಳಿದಿತ್ತು. 1990ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿದ್ದ ಸೆಲ್‌ಟೆಕ್ ಕೈರೋಸೈನ್ಸ್ ಎಂಬ ಔಷಧ ಕಂಪನಿಯಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ಆ ದೋಷವನ್ನು ಹುಡುಕಲು ಹೊರಟರು. ಮನುಷ್ಯನ ಅಥವಾ ಇಲಿಯ ಜೀನೋಮನ್ನು ಪೂರ್ತಿ ಓದಿರದ ಕಾಲವದು. ಸುಮಾರು 17 ಕೋಟಿ ಅಕ್ಷರಗಳ ವರ್ಣತಂತುವಿನಲ್ಲಿ ಅನುಮಾನದ ಜಾಗವನ್ನು ಸುಮಾರು 5 ಲಕ್ಷ ಅಕ್ಷರಗಳಿಗೆ ಇಳಿಸಿ, ಅಲ್ಲಿದ್ದ 20 ವಂಶವಾಹಿಗಳನ್ನು ಒಂದೊಂದಾಗಿ ಆರೋಗ್ಯವಂತ ಇಲಿಯದರೊಡನೆ ಹೋಲಿಸುತ್ತ ಹೋದರು. ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ.

2001ರ ಜನವರಿಯಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಪ್ರಕಟವಾದ ಆ ಪ್ರಬಂಧದ ಮೊದಲ ಹೆಸರು ಬ್ರಂಕೋ, ಕೊನೆಯ ಹೆಸರು ರಾಮ್ಸ್‌ಡೆಲ್. ಗಂಡುಮಕ್ಕಳಲ್ಲಿ ಕಾಣುವ ‘ಐಪೆಕ್ಸ್’ ಎಂಬ ಮಾರಕ ಸ್ವಯಂ ಪ್ರತಿರಕ್ಷಾ ರೋಗಕ್ಕೂ ಅದೇ ವಂಶವಾಹಿಯ ದೋಷವೇ ಕಾರಣವೆಂದು ಅದೇ ವರ್ಷ ಖಚಿತವಾಯಿತು. ಅದೇ 2001ರಲ್ಲಿ ಬ್ರಂಕೋ ಮತ್ತೊಂದು ಪ್ರಬಂಧಕ್ಕೂ ಮೊದಲ ಲೇಖಕಿ: ಮೂಳೆ ಅತಿಯಾಗಿ ಬೆಳೆಯುವ ‘ಸ್ಕ್ಲೆರೊಸ್ಟಿಯೊಸಿಸ್’ ಎಂಬ ಅಪರೂಪದ ರೋಗಕ್ಕೆ ಕಾರಣವಾದ ‘ಸಾಸ್ಟ್’ ವಂಶವಾಹಿಯ ಶೋಧ. ಆ ದಾರಿಯಲ್ಲಿ ಹುಟ್ಟಿದ ರೊಮೊಸೊಜುಮಾಬ್ ಎಂಬ ಮೂಳೆಸವೆತದ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಒಂದೇ ವರ್ಷದಲ್ಲಿ ಎರಡು ರೋಗಗಳ ಮೂಲ ಕಾರಣವನ್ನು ಬಿಡಿಸಿಟ್ಟ ಈ ವಿಜ್ಞಾನಿ ಆ ಬಳಿಕ ಸ್ವಂತ ಪ್ರಯೋಗಾಲಯ ಕಟ್ಟಿ ಪ್ರಬಂಧಗಳ ಸಾಲು ಬೆಳೆಸುವ ದಾರಿ ಹಿಡಿಯಲಿಲ್ಲ. ಸಿಯಾಟಲ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿ ಯೋಜನೆಗಳನ್ನು ನಡೆಸುವ ಹೊಣೆ ಹೊತ್ತರು.

ಇಂಥ ದಾಖಲೆಯನ್ನು ಎಚ್-ಇಂಡೆಕ್ಸ್ ಹೇಗೆ ಕಾಣುತ್ತದೆ? ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಸೂಚ್ಯಂಕದ ಲೆಕ್ಕ ಸುಲಭ: ಕನಿಷ್ಠ 40 ಬಾರಿ ಉಲ್ಲೇಖಗೊಂಡ 40 ಪ್ರಬಂಧಗಳಿದ್ದರೆ ಎಚ್ 40. ಹೀಗಾಗಿ ತಲಾ ಐದು ಸಾವಿರ ಬಾರಿ ಉಲ್ಲೇಖಗೊಂಡ ಐದೇ ಪ್ರಬಂಧಗಳಿರುವ ಸಂಶೋಧಕರ ಎಚ್ ಐದನ್ನು ದಾಟಲಾರದು. ತಲಾ ನಲವತ್ತು ಬಾರಿ ಉಲ್ಲೇಖಗೊಂಡ ನಲವತ್ತು ಸಾಧಾರಣ ಪ್ರಬಂಧಗಳಿರುವವರು ಅವರ ಎಂಟು ಪಟ್ಟು ಎತ್ತರದಲ್ಲಿ ನಿಲ್ಲುತ್ತಾರೆ. ದೀರ್ಘ ಕಾಲ, ದೊಡ್ಡ ಗುಂಪಿನೊಡನೆ, ನಿಲ್ಲದೆ ಪ್ರಕಟಿಸುತ್ತ ಬಂದವರಿಗೆ ಅದು ಒಲಿಯುತ್ತದೆ. ಸಕಾಗುಚಿ ಅವರ ಎಚ್ ಇಂದು ಬಹಳ ಎತ್ತರದಲ್ಲಿರುವುದು ನ್ಯಾಯವೇ, ಆದರೆ ಆ ಎತ್ತರ ಬಂದದ್ದು 2003ರ ನಂತರದ ಬೆಳೆದ ಗುಂಪು ಮತ್ತು ಬೆಳೆದ ಕ್ಷೇತ್ರದಿಂದ. 1982, 1985, 1988, 1995 ಈ ನಾಲ್ಕು ವರ್ಷಗಳ ಪ್ರಬಂಧಗಳು ಅದರಲ್ಲಿ ಬೆರಳೆಣಿಕೆಯ ಪಾಲು ಮಾತ್ರ. ಕಂಪನಿಯ ವಿಜ್ಞಾನಿಗಳ ದುಡಿಮೆಯಲ್ಲಿ ದೊಡ್ಡ ಭಾಗ ಪೇಟೆಂಟುಗಳಿಗೂ ಒಳಗಿನ ವರದಿಗಳಿಗೂ ಹೋಗುತ್ತದೆ ಎಂಬುದು ಈ ಸೂಚ್ಯಂಕದ ಲೆಕ್ಕಕ್ಕೇ ಬರುವುದಿಲ್ಲ.

ಮೂರು ಪಟ್ಟಿಗಳು

2015ರಲ್ಲಿ ಥಾಮ್ಸನ್ ರಾಯ್ಟರ್ಸ್ ಸಂಸ್ಥೆ, ಉಲ್ಲೇಖಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ನೊಬೆಲ್ ಮಟ್ಟದ ಸಂಶೋಧಕರನ್ನು ಗುರುತಿಸುವ ತನ್ನ ವಾರ್ಷಿಕ ಪಟ್ಟಿಯಲ್ಲಿ ನಿಯಂತ್ರಕ ಟಿ ಕೋಶಗಳು ಮತ್ತು ಫಾಕ್ಸ್‌ಪಿ3 ಕುರಿತ ಕೆಲಸಕ್ಕಾಗಿ ಮೂವರನ್ನು ಹೆಸರಿಸಿತು: ರುಡೆನ್‌ಸ್ಕಿ, ಸಕಾಗುಚಿ, ಶೆವಾಕ್. 2017ರ ಕ್ರಾಫೂರ್ಡ್ ಪ್ರಶಸ್ತಿ ಇದೇ ಕ್ಷೇತ್ರಕ್ಕೆ ಬಂದಾಗ ಸಕಾಗುಚಿ, ರಾಮ್ಸ್‌ಡೆಲ್, ರುಡೆನ್‌ಸ್ಕಿ ಹಂಚಿಕೊಂಡರು. 2025ರ ನೊಬೆಲ್‌ನಲ್ಲಿ ಸಕಾಗುಚಿ, ರಾಮ್ಸ್‌ಡೆಲ್, ಬ್ರಂಕೋ. ಮೂರರಲ್ಲೂ ಇರುವ ಹೆಸರು ಒಂದೇ.

ಉಲ್ಲೇಖಗಳಿಂದ ಹೊರಟ ಪಟ್ಟಿ ಕ್ಷೇತ್ರವನ್ನು ಹತ್ತು ವರ್ಷ ಮೊದಲೇ ಸರಿಯಾಗಿ ಹಿಡಿದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು, ಅದು ಸಣ್ಣ ಸಾಧನೆಯಲ್ಲ. ಶೆವಾಕ್ ಮತ್ತು ರುಡೆನ್‌ಸ್ಕಿ ಅವರ ಹೆಸರುಗಳು ಅಲ್ಲಿದ್ದದ್ದು ತಪ್ಪೂ ಅಲ್ಲ. ಒಬ್ಬರು ತಟ್ಟೆಯ ಪರೀಕ್ಷೆಯ ಮೂಲಕ ಇಡೀ ಕ್ಷೇತ್ರಕ್ಕೆ ಬಾಗಿಲು ತೆರೆದವರು, ಇನ್ನೊಬ್ಬರು ಫಾಕ್ಸ್‌ಪಿ3 ಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ದಶಕಗಳ ಕಾಲ ಬಿಡಿಸುತ್ತ ಬಂದವರು. ಇತರ ಸಂಶೋಧಕರು ದಿನದಿನವೂ ಬಳಸುವ ಕೆಲಸ ಅವರದು, ಆದ್ದರಿಂದ ದಿನದಿನವೂ ಉಲ್ಲೇಖಗೊಂಡ ಕೆಲಸ. ನೊಬೆಲ್ ಸಮಿತಿ ಕೇಳಿಕೊಂಡ ಪ್ರಶ್ನೆ ಮೊದಲು ಕಂಡವರು ಯಾರು ಎಂಬುದು, ಮತ್ತು ಅದಕ್ಕೆ ಉತ್ತರ ಸಿಗುವುದು ಪ್ರಬಂಧಗಳನ್ನು ತೆರೆದು ದಿನಾಂಕ, ಪ್ರಯೋಗ, ಲೇಖಕರ ಸಾಲು ಇವನ್ನು ಓದಿದಾಗ. 2015ರ ಪಟ್ಟಿಯಲ್ಲಾಗಲಿ 2017ರ ಪ್ರಶಸ್ತಿಯಲ್ಲಾಗಲಿ ಕಾಣದ ಮೇರಿ ಬ್ರಂಕೋ ಅವರ ಹೆಸರು, 2001ರ ಜನವರಿಯ ಆ ಪ್ರಬಂಧದ ಹತ್ತು ಲೇಖಕರ ಸಾಲಿನಲ್ಲಿ ಅಂದಿನಿಂದಲೂ ಮೊದಲನೆಯದಾಗಿಯೇ ಇದೆ.